ಸ್ವತಂತ್ರ ಹೈದರಾಬಾದಿನ ಹಟಕ್ಕೆ ಭೀಮಾ ತೀರ ತೆತ್ತ ಬೆಲೆ

ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿ ಸೀಮೆಯ ತಾಲೂಕು ಕಚೇರಿಗಳ ಮುಂದೆ, ಶಾಲೆಗಳ ಅಂಗಳದಲ್ಲಿ ರಾಷ್ಟ್ರಧ್ವಜ ಹಾರುತ್ತದೆ. ದೇಶದ ಉಳಿದ ಜನರಿಗೆ ಸ್ವಾತಂತ್ರ್ಯದ ದಿನ ಒಂದೇ. ಆಳಂದ, ಅಫಜಲಪುರ, ಜೇವರ್ಗಿಯ ಜನರಿಗೆ ಎರಡು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಈ ಮೂರು ತಾಲೂಕುಗಳು ಭಾರತದ ಒಳಗಿರಲಿಲ್ಲ. ಹದಿಮೂರು ತಿಂಗಳ ಕಾಲ ಅವು ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿಕೊಂಡ ನಿಜಾಮ ರಾಜ್ಯದ ಗಡಿ ತಾಲೂಕುಗಳಾಗಿ ಉಳಿದವು.

ಧ್ವಜಾರೋಹಣದ ಭಾಷಣಗಳಲ್ಲಿ ರಜಾಕಾರರ ಹಾವಳಿಯ ಮಾತು ಬರುತ್ತದೆ. ಬರಲೇಬೇಕು, ಅದು ನಡೆದ ಸಂಗತಿ. ಆದರೆ ಈ ಭಾಗದ ಮುಸ್ಲಿಂ ಮನೆಗಳಲ್ಲಿ ಹಿರಿಯರು ಅದೇ ದಿನಗಳನ್ನು 'ಪುಲೀಸ್ ಆಕ್ಷನ್' ಎಂಬ ಎರಡೇ ಶಬ್ದಗಳಲ್ಲಿ ಹೇಳಿ ಸುಮ್ಮನಾಗುತ್ತಿದ್ದರು. ಆ ಮೌನದ ಹಿಂದೆ ಏನಿತ್ತು ಎಂಬುದು ಭಾಷಣಗಳಲ್ಲಿ ಬರುವುದಿಲ್ಲ. ಹೀಗೆ ಒಂದೇ ಊರಿನ ಎರಡು ಓಣಿಗಳಲ್ಲಿ ಒಂದೇ ವರ್ಷದ ಎರಡು ಬೇರೆ ಬೇರೆ ಕಥೆಗಳು ಉಳಿದುಕೊಂಡಿವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡದ ಹೊರತು 1948 ನಮಗೆ ಅರ್ಥವಾಗದು.

ಗಡಿಯ ಮೂರು ತಾಲೂಕುಗಳು

ಮೊದಲು ಭೂಗೋಳವನ್ನು ಗಮನಿಸೋಣ. ಆಳಂದದ ಪಶ್ಚಿಮಕ್ಕೆ ಅಕ್ಕಲಕೋಟೆ, ಅದರಾಚೆ ಸೊಲ್ಲಾಪುರ. ಅಫಜಲಪುರದ ಅಂಚಿನಲ್ಲಿ ಭೀಮಾ ನದಿ ಹರಿಯುತ್ತದೆ. ನದಿ ದಾಟಿದರೆ ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ. ಜೇವರ್ಗಿಗೂ ಸಿಂದಗಿಗೂ ನಡುವೆ ನದಿಯೂ ಇಲ್ಲ, ಹೊಲದ ಬದುಗಳೇ ಗಡಿ. 1948ರಲ್ಲಿ ಸೊಲ್ಲಾಪುರ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆಚೆ ಭಾರತ, ಈಚೆ ನಿಜಾಮ ಸರಕಾರ. ಎರಡೂ ಕಡೆ ಅದೇ ಜೋಳದ ಹೊಲ, ಅದೇ ಕನ್ನಡ, ಬೀಗತನ. ಅಲ್ಲಿಯವರೆಗೆ ಹೆಸರಿಗೆ ಮಾತ್ರ ಇದ್ದ ಗಡಿ ಆ ಒಂದು ವರ್ಷದಲ್ಲಿ ಜೀವ ಉಳಿಸುವ, ಜೀವ ತೆಗೆಯುವ ಗೆರೆಯಾಯಿತು.

ಈ ಸೀಮೆಯ ಬದುಕು ಒಂದೇ ಧರ್ಮದ ಸುತ್ತ ಬೆಳೆದದ್ದಲ್ಲ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಅದರ ಆವರಣದಲ್ಲೇ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ. ಅಫಜಲಪುರ ತಾಲೂಕಿನಲ್ಲಿ ಭೀಮಾ-ಅಮರ್ಜಾ ಸಂಗಮದ ದತ್ತ ಕ್ಷೇತ್ರ ದೇವಲ ಗಾಣಗಾಪುರ. ಜೇವರ್ಗಿ ತಾಲೂಕಿನ ಅರಳಗುಂಡಗಿ ದಾಸೋಹಿ ಶರಣಬಸವೇಶ್ವರರ ಜನ್ಮಸ್ಥಳ. ಕಲಬುರಗಿಯ ಖಾಜಾ ಬಂದೇ ನವಾಜರ ಉರೂಸಿಗೂ ಶರಣಬಸವೇಶ್ವರರ ತೇರಿಗೂ ಇದೇ ಹಳ್ಳಿಗಳಿಂದ ಜನ ಹೋಗುತ್ತಿದ್ದರು, ಇಂದಿಗೂ ಹೋಗುತ್ತಾರೆ. ಇಂಥ ನೆಲದಲ್ಲಿ ನೆರೆಯವರು ನೆರೆಯವರಿಗೆ ಹೆದರುವ ಕಾಲ ಹೇಗೆ ಬಂತು?

ಹಟದ ಬೇರುಗಳು

ಹೈದರಾಬಾದ್ ದೇಶದ ಅತಿ ದೊಡ್ಡ ಸಂಸ್ಥಾನಗಳಲ್ಲೊಂದು. 1941ರ ಜನಗಣತಿಯಂತೆ ಅಲ್ಲಿ ಸುಮಾರು 1 ಕೋಟಿ 63 ಲಕ್ಷ ಜನರಿದ್ದರು. ತೆಲುಗು, ಮರಾಠಿ, ಕನ್ನಡ ಮಾತನಾಡುವವರು ಬಹುಪಾಲು. ಮುಸ್ಲಿಮರು ಸುಮಾರು ಎಂಟರಲ್ಲಿ ಒಂದು ಪಾಲು. ಆದರೆ ಆಡಳಿತ, ಸೈನ್ಯ, ಪೊಲೀಸ್ ಇಲಾಖೆಗಳ ಮೇಲಿನ ಹುದ್ದೆಗಳಲ್ಲಿ ಈ ಪ್ರಮಾಣ ತಲೆಕೆಳಗಾಗಿತ್ತು. ಕಚೇರಿ, ಕೋರ್ಟು, ಉನ್ನತ ಶಿಕ್ಷಣ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಮಕ್ಕಳಿಗೆ ಮಾತೃಭಾಷೆಯ ಶಾಲೆ ಸಿಗುವುದೇ ದುರ್ಲಭ. 1907ರಲ್ಲಿ ಗುಲಬರ್ಗಾದಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳೇ ಜನಜಾಗೃತಿಯ ಕೇಂದ್ರಗಳಾದವು.

ಭೂಮಿಯ ಕಥೆ ಇನ್ನೂ ಕಠೋರ. ರಾಜ್ಯದ ನೆಲದಲ್ಲಿ ಸುಮಾರು ಶೇ. 60 ಮಾತ್ರ ಸರಕಾರದ ನೇರ ಆಡಳಿತದ ಖಾಲ್ಸಾ. ಉಳಿದದ್ದು ನಿಜಾಮರ ಸ್ವಂತ ಖರ್ಚಿನ ಸರ್ಫ್-ಎ-ಖಾಸ್, ಪೈಗಾ, ಜಾಗೀರು, ಸಂಸ್ಥಾನ. ಆಳಂದ, ಅಫಜಲಪುರಗಳು ಪೈಗಾ ಅಮೀರರಿಗೆ ಸೇರಿದ ತಾಲೂಕುಗಳು. ಅಲ್ಲಿಯ ರೈತನಿಗೆ ಕಂದಾಯ ವಸೂಲಿ ಮಾಡುವವನೂ ನ್ಯಾಯ ಹೇಳುವವನೂ ಒಬ್ಬನೇ ಧಣಿಯ ನೌಕರ. ಬಿಟ್ಟಿ ಚಾಕರಿಯ ಭಾರ ಜಾತಿ-ಧರ್ಮ ನೋಡದೆ ಬಡವನ ಹೆಗಲ ಮೇಲಿತ್ತು. ಹಾಗೆಂದು ಮೇಲಿನ ಧಣಿಗಳೆಲ್ಲ ಮುಸ್ಲಿಮರೇ ಆಗಿರಲಿಲ್ಲ. ಹಿಂದೂ ದೇಶಮುಖರು, ಸಂಸ್ಥಾನಿಕರು ಈ ವ್ಯವಸ್ಥೆಯ ಕಂಬಗಳೇ ಆಗಿದ್ದರು. ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿಯವರ ಮಂತ್ರಿಮಂಡಲದಲ್ಲಿ ಪಿಂಗಳಿ ವೆಂಕಟರಾಮ ರೆಡ್ಡಿಯವರು ಉಪಪ್ರಧಾನಿಯಾಗಿದ್ದರು. ಮತ್ತೊಂದು ಕಡೆ ಕಲಬುರಗಿಯ ಹಳ್ಳಿಗಳ ಬಹುಪಾಲು ಮುಸ್ಲಿಮರು ಪಿಂಜಾರರು, ಕಟುಕರು, ನೇಕಾರರು, ಕೂಲಿಗಳು, ಸಣ್ಣ ರೈತರು. ಆಳುವ ಧರ್ಮಕ್ಕೆ ಸೇರಿದವರೆಂಬ ಹೆಮ್ಮೆಯೊಂದನ್ನು ಬಿಟ್ಟರೆ ಆಳ್ವಿಕೆಯಿಂದ ಅವರಿಗೆ ದಕ್ಕಿದ್ದು ಅತ್ಯಲ್ಪ.

ಆ ಹೆಮ್ಮೆಯನ್ನೇ ರಾಜಕೀಯದ ಬಂಡವಾಳವಾಗಿಸಿದ್ದು ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್. 1927ರಲ್ಲಿ ಇದು ಧಾರ್ಮಿಕ, ಸಾಂಸ್ಕೃತಿಕ ಸಂಘಟನೆಯಾಗಿ ಹುಟ್ಟಿತು. 1938ರಲ್ಲಿ ಬಹಾದೂರ್ ಯಾರ್ ಜಂಗ್ ಅಧ್ಯಕ್ಷರಾದ ಮೇಲೆ ರಾಜಕೀಯ ಶಕ್ತಿಯಾಯಿತು. 'ಅನಲ್ ಮಲಿಕ್' ಎಂಬ ಘೋಷಣೆ ಅವರದು. ನಿಜಾಮರು ಸಂಕೇತ ಮಾತ್ರ, ರಾಜ್ಯದ ಪ್ರತಿಯೊಬ್ಬ ಮುಸ್ಲಿಮನೂ ದೊರೆತನದ ಪಾಲುದಾರ ಎಂಬುದು ಅದರ ಅರ್ಥ. ಒಂದು ತುಂಡು ಭೂಮಿಯೂ ಇಲ್ಲದ ಕೂಲಿಯವನಿಗೆ ನೀನೂ ದೊರೆ ಎಂದು ಹೇಳಿದರೆ ಅವನ ಎದೆ ಉಬ್ಬದೆ ಇರುತ್ತದೆಯೇ? ಆದರೆ ಆ ಮಾತಿನಿಂದ ಅವನಿಗೆ ಹೊಲ ಸಿಗಲಿಲ್ಲ, ಶಾಲೆ ಸಿಗಲಿಲ್ಲ. ನೆರೆಯ ಹಿಂದೂವಿನ ಕಣ್ಣಿಗೆ ಮಾತ್ರ ಅವನು ದೊರೆಯ ಪರವಾಗಿ ನಿಂತವನಾಗಿ ಕಂಡ.

ಇನ್ನೊಂದು ಕಡೆ, 1938ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸರಕಾರ ನಿಷೇಧಿಸಿತು. ಆ ನಿಷೇಧ 1946ರವರೆಗೆ ತೆರವಾಗಲಿಲ್ಲ. ಜವಾಬ್ದಾರಿ ಸರಕಾರ ಬೇಕು ಎಂಬ ನ್ಯಾಯವಾದ ಬೇಡಿಕೆಗೆ ಎಂಟು ವರ್ಷ ಬಾಗಿಲು ಮುಚ್ಚಿದ್ದರ ಫಲ, ಜನರ ಅಸಮಾಧಾನ ಬೇರೆ ದಾರಿಗಳನ್ನು ಹುಡುಕಿಕೊಂಡಿತು. ತೆಲಂಗಾಣದಲ್ಲಿ 1946ರಿಂದಲೇ ಕಮ್ಯುನಿಸ್ಟರ ನೇತೃತ್ವದಲ್ಲಿ ರೈತರ ಸಶಸ್ತ್ರ ಹೋರಾಟ ಆರಂಭವಾಗಿತ್ತು.

ರಜಾಕಾರರು

ಬಹಾದೂರ್ ಯಾರ್ ಜಂಗ್ 1944ರಲ್ಲಿ ತೀರಿಕೊಂಡರು. ಮಾತಿನ ಮೋಡಿಯ ಜೊತೆಗೆ ಸಂಯಮವೂ ಇದ್ದ ಆ ನಾಯಕರ ಸ್ಥಾನಕ್ಕೆ 1946ರ ಕೊನೆಯಲ್ಲಿ ಬಂದವರು ಲಾತೂರಿನ ವಕೀಲ ಖಾಸಿಂ ರಜ್ವಿ. ಮಜ್ಲಿಸ್‌ನ ಸ್ವಯಂಸೇವಕ ದಳವಾಗಿದ್ದ ರಜಾಕಾರರು ಅವರ ಕೈಯಲ್ಲಿ ಖಾಸಗಿ ಸೈನ್ಯವಾದರು. ಅವರ ಸಂಖ್ಯೆ ಲಕ್ಷ ದಾಟಿತ್ತೆಂದೂ ಎರಡು ಲಕ್ಷದ ಹತ್ತಿರ ಹೋಗಿತ್ತೆಂದೂ ಬೇರೆ ಬೇರೆ ಲೆಕ್ಕಗಳಿವೆ. ಹೆಚ್ಚಿನವರ ಕೈಯಲ್ಲಿದ್ದದ್ದು ಈಟಿ, ಕತ್ತಿ, ಹಳೆಯ ಬಂದೂಕು.

1947ರ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರು, ಬ್ರಿಟಿಷರು ಹೊರಟ ದಿನದಿಂದ ತಾವು ಸ್ವತಂತ್ರ ದೊರೆಯಾಗಿರುವುದಾಗಿ ಫರ್ಮಾನು ಹೊರಡಿಸಿದರು. ಸುತ್ತ ನಾಲ್ಕೂ ಕಡೆ ಭಾರತ, ಸಮುದ್ರಕ್ಕೆ ದಾರಿಯಿಲ್ಲ. ಆದರೂ ಹಟ ಬಿಡಲಿಲ್ಲ. ನವಾಬ್ ಛತ್ತಾರಿಯವರ ನಿಯೋಗ ದೆಹಲಿಯೊಂದಿಗೆ ಒಪ್ಪಂದದ ಕರಡನ್ನು ಸಿದ್ಧಪಡಿಸಿತ್ತು. ಅಕ್ಟೋಬರ್ 27ರಂದು ನಿಯೋಗ ಮತ್ತೆ ದೆಹಲಿಗೆ ಹೊರಡಲಿದ್ದಾಗ ಮಜ್ಲಿಸ್ ಗುಂಪುಗಳು ಸದಸ್ಯರ ಮನೆಗಳನ್ನು ಸುತ್ತುವರಿದು ತಡೆದವು. ಛತ್ತಾರಿಯವರು ರಾಜೀನಾಮೆ ಕೊಟ್ಟರು. ರಾಜ್ಯದ ಚುಕ್ಕಾಣಿ ಬೀದಿಯ ಗುಂಪಿನ ಕೈಗೆ ಹೋದದ್ದು ಆ ದಿನ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತಾದರೂ ಎರಡೂ ಕಡೆ ನಂಬಿಕೆ ಇರಲಿಲ್ಲ. ನಿಜಾಮ ಸರಕಾರ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿತು. ಸಿಡ್ನಿ ಕಾಟನ್ ಎಂಬ ವಿಮಾನ ಚಾಲಕನ ಮೂಲಕ ಕರಾಚಿಯಿಂದ ರಾತ್ರೋರಾತ್ರಿ ಶಸ್ತ್ರಾಸ್ತ್ರ ತರಿಸಿಕೊಂಡಿತು. ಭಾರತ ಸರಕಾರ ಸಾಮಗ್ರಿ ಸಾಗಾಟವನ್ನು ಬಿಗಿಗೊಳಿಸಿತು.

ದೇಶ ವಿಭಜನೆಯ ಗಲಭೆಗಳಿಂದ ತತ್ತರಿಸಿದ ಹೊರ ಪ್ರಾಂತಗಳ ಮುಸ್ಲಿಂ ನಿರಾಶ್ರಿತರೂ ಆಗ ಹೈದರಾಬಾದಿಗೆ ಬಂದು ಸೇರಿದರು. ಅವರ ಬಾಯಿಂದ ಕೇಳಿದ ಕಥೆಗಳು ಇಲ್ಲಿಯವರ ಭಯವನ್ನು ಹೆಚ್ಚಿಸಿದವು. ರಜ್ವಿಯವರ ಉಗ್ರ ಭಾಷಣಗಳಿಗೆ ಆ ಭಯವೇ ಕಿವಿಯಾಯಿತು.

ಎಲ್ಲ ಮುಸ್ಲಿಮರೂ ಒಂದು ಕಡೆ, ಎಲ್ಲ ಹಿಂದೂಗಳೂ ಇನ್ನೊಂದು ಕಡೆ ಇದ್ದರು ಎಂಬ ಚಿತ್ರ ಸುಳ್ಳು. ದಲಿತ ನಾಯಕ ಬಿ. ಶ್ಯಾಮಸುಂದರ್ ನಿಜಾಮರ ಪರ ನಿಂತು ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ಮುಂದೆ 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದವರೂ ಅವರೇ. ಡಾ. ಅಂಬೇಡ್ಕರ್ ಮಾತ್ರ ದಲಿತರು ನಿಜಾಮರ ಪಕ್ಷ ವಹಿಸಬಾರದೆಂದು ಎಚ್ಚರಿಸಿದ್ದರು. ಕವಿ ಮಖ್ದೂಮ್ ಮೊಹಿಯುದ್ದೀನ್ ಕಮ್ಯುನಿಸ್ಟ್ ಹೋರಾಟದಲ್ಲಿದ್ದರು. 1948ರ ಆಗಸ್ಟ್‌ನಲ್ಲಿ ಏಳು ಜನ ಮುಸ್ಲಿಂ ಗಣ್ಯರು ರಜಾಕಾರರನ್ನು ಖಂಡಿಸಿ ಭಾರತದೊಂದಿಗೆ ಸೇರಬೇಕೆಂದು ಬಹಿರಂಗ ಹೇಳಿಕೆ ಕೊಟ್ಟರು. 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ಅದೇ ನಿಲುವನ್ನು ಬರೆದರು. ಆಗಸ್ಟ್ 21-22ರ ರಾತ್ರಿ ಅವರನ್ನು ಮನೆಯ ಹತ್ತಿರವೇ ಕೊಂದು ಕೈ ಕತ್ತರಿಸಲಾಯಿತು. ಬರೆದ ಕೈಯನ್ನೇ ಕತ್ತರಿಸಿದವರು ತಮ್ಮ ಸಮುದಾಯದ ವಿವೇಕವನ್ನೂ ಕತ್ತರಿಸಿದ್ದರು.

ಗಡಿಯಲ್ಲಿ ಬೆಂಕಿ

ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಜೇವರ್ಗಿಯ ನೆರೆಯ ಸಿಂದಗಿಯಲ್ಲಿ, 1903ರಲ್ಲಿ. ಅವರ ಕರೆಯಂತೆ 1947ರ ಆಗಸ್ಟ್ 7ರಂದು 'ಭಾರತಕ್ಕೆ ಸೇರಿ' ಚಳವಳಿ ಆರಂಭವಾಯಿತು. ತೀರ್ಥರು ಬಂಧನಕ್ಕೊಳಗಾದರು. ಯಾದಗಿರಿಯ ಕೊಲ್ಲೂರು ಮಲ್ಲಪ್ಪನವರಂಥವರು ಈ ಭಾಗದಲ್ಲಿ ಚಳವಳಿಗೆ ಬೆನ್ನೆಲುಬಾದರು. ಗಡಿಯಾಚೆ ಭಾರತದ ನೆಲದಲ್ಲಿ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. ಶಿಬಿರದ ಯುವಕರು ಗಡಿ ದಾಟಿ ಬಂದು ಸುಂಕದ ಕಟ್ಟೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡುವರು. ಅದಕ್ಕೆ ಉತ್ತರವೆಂದು ರಜಾಕಾರರು ಈಚೆಯ ಹಳ್ಳಿಗಳನ್ನು ಸುಲಿಯುವರು. ಯಾರು ಗೆದ್ದರೂ ಸುಟ್ಟದ್ದು ಗಡಿ ಹಳ್ಳಿಯ ಬಣವೆ, ಮನೆ.

1948ರ ಮೇ ತಿಂಗಳು ಅತ್ಯಂತ ಕರಾಳ. ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಸಾಮೂಹಿಕ ಹತ್ಯೆ ನಡೆಸಿದರು. ಮೇ 22ರಂದು ಅಫಜಲಪುರ ತಾಲೂಕಿನ ಗಾಣಗಾಪುರ ರೈಲು ನಿಲ್ದಾಣದಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋಗುತ್ತಿದ್ದ ಮೇಲ್ ಗಾಡಿಯ ಮೇಲೆ ದಾಳಿ ನಡೆಯಿತು. ಪ್ರಯಾಣಿಕರು ಕೊಲೆಯಾದರು, ಗಾಯಗೊಂಡರು. ದತ್ತನ ದರ್ಶನಕ್ಕೆ ಯಾತ್ರಿಕರು ಇಳಿಯುವ ಸಣ್ಣ ನಿಲ್ದಾಣದ ಹೆಸರು ದೇಶದ ಪತ್ರಿಕೆಗಳಲ್ಲಿ, ದೆಹಲಿಯ ಚರ್ಚೆಗಳಲ್ಲಿ ಕೇಳಿಬಂತು. ಗಡಿ ಊರುಗಳಿಂದ ಹಿಂದೂ ಕುಟುಂಬಗಳು ಗಂಟುಮೂಟೆ ಕಟ್ಟಿ ಸೊಲ್ಲಾಪುರ, ವಿಜಾಪುರ ಕಡೆಗೆ ಹೊರಟವು. ದನಕರು, ಬಿತ್ತನೆ ಬಿಟ್ಟು ಹೋದವರ ಆ ಸಂಕಟವನ್ನು ಕಡಿಮೆ ಮಾಡಿ ಹೇಳುವ ಹಕ್ಕು ನಮಗಿಲ್ಲ.

ಐದು ದಿನ, ಮತ್ತು ಆಮೇಲೆ

ಸೆಪ್ಟೆಂಬರ್ 13ರ ಮುಂಜಾನೆ ಭಾರತೀಯ ಸೈನ್ಯ ಒಳನುಗ್ಗಿತು. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಖ್ಯ ಪಡೆ ಸೊಲ್ಲಾಪುರದಿಂದ ನಳದುರ್ಗ, ಹುಮನಾಬಾದ್ ದಾರಿಯಲ್ಲಿ ಹೈದರಾಬಾದಿನತ್ತ ಸಾಗಿತು. ಆಳಂದದ ಉತ್ತರಕ್ಕೆ ಸ್ವಲ್ಪ ದೂರದಲ್ಲಿಯೇ ಈ ದಾರಿ. ರಜ್ವಿಯವರ ಭಾಷಣಗಳಲ್ಲಿ ಕೆಂಪುಕೋಟೆಯ ಮೇಲೆ ಹಾರಬೇಕಿದ್ದ ಬಾವುಟ ನಳದುರ್ಗದ ಕೋಟೆಯ ಮೇಲೂ ಒಂದು ದಿನ ನಿಲ್ಲಲಿಲ್ಲ. 17ರಂದು ನಿಜಾಮರು ಕದನವಿರಾಮ ಸಾರಿದರು. ಮರುದಿನ ಸೇನಾಪತಿ ಎಲ್ ಇದ್ರೂಸ್ ಶರಣಾದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ದೂರನ್ನು ಕೈಗೆತ್ತಿಕೊಂಡದ್ದು 16ರಂದು, ಆಗ ಎಲ್ಲ ಮುಗಿಯುತ್ತಾ ಬಂದಿತ್ತು.

ಪಠ್ಯಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ಹಳ್ಳಿಗಳಲ್ಲಿ ಮುಗಿಯಲಿಲ್ಲ. ಠಾಣೆಗಳು ಖಾಲಿಯಾದವು, ಹಳೆಯ ಆಡಳಿತ ಒಂದೇ ದಿನದಲ್ಲಿ ಕುಸಿಯಿತು, ಹೊಸದು ಇನ್ನೂ ಬಂದಿರಲಿಲ್ಲ. ರಜಾಕಾರರಲ್ಲಿ ಹಲವರು ಸಮವಸ್ತ್ರ ಬಿಸಾಡಿ ಪಟ್ಟಣಗಳಿಗೆ ಓಡಿಹೋದರು. ಊರಲ್ಲಿ ಉಳಿದವರು ಎಲ್ಲಿಗೂ ಹೋಗಲಾಗದ ಬಡವರು. ಸೇಡು ಅವರ ಮನೆ ಬಾಗಿಲಿಗೆ ಬಂತು.

ಈ ಸುದ್ದಿಗಳು ದೆಹಲಿ ತಲುಪಿದಾಗ ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್ ನೇತೃತ್ವದಲ್ಲಿ ಒಂದು ಸದ್ಭಾವನಾ ನಿಯೋಗವನ್ನು ಕಳಿಸಿದರು. ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರಲ್ಲಿದ್ದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ರಾಜ್ಯದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿದರು. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಆನಂತರ ರಾಜ್ಯದಲ್ಲಿ ಸತ್ತವರು ಕನಿಷ್ಠ 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಆ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ ಎಂದು ವರದಿ ಹೇಳಿತು. ನಕ್ಷೆ ನೋಡಿದರೆ ಇವು ಮುಖ್ಯ ಪಡೆ ಸಾಗಿದ ದಾರಿಯ ಮತ್ತು ಗಡಿಯ ಆಸುಪಾಸಿನ ಜಿಲ್ಲೆಗಳೇ. ನಮ್ಮ ಮೂರು ತಾಲೂಕುಗಳು ಆ ಗುಲಬರ್ಗಾ ಜಿಲ್ಲೆಯ ಪಶ್ಚಿಮದ ಅಂಚು.

ನಿಯೋಗ ಏಕಪಕ್ಷೀಯವಾಗಿ ಬರೆಯಲಿಲ್ಲ. ರಜಾಕಾರರ ಕ್ರೌರ್ಯವೇ ಈ ಸೇಡಿಗೆ ಹಿನ್ನೆಲೆ ಎಂಬುದನ್ನು ಅದು ಒಪ್ಪಿತು. ಪ್ರಾಣದ ಹಂಗು ತೊರೆದು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳನ್ನು, ಮುಸ್ಲಿಂ ನೇಕಾರರಿಗೆ ಕಾವಲು ನಿಂತ ಹಿಂದೂ ನೇಕಾರರನ್ನು ನೆನೆಯಿತು. ಚೌಧುರಿಯವರ ಬಗ್ಗೆ ಒಳ್ಳೆಯ ಮಾತುಗಳನ್ನಾಡುತ್ತಲೇ, ಕೆಲವೆಡೆ ಸೈನಿಕರೂ ಲೂಟಿ ಮತ್ತು ಇತರ ಅಪರಾಧಗಳಲ್ಲಿ ಭಾಗಿಯಾದುದನ್ನು ದಾಖಲಿಸಿತು. ಗೃಹಮಂತ್ರಿ ಸರ್ದಾರ್ ಪಟೇಲರು ಈ ವರದಿಯನ್ನು ಒಪ್ಪಲಿಲ್ಲ. ರಜಾಕಾರರ ದೌರ್ಜನ್ಯದ ಬಗ್ಗೆ ಅದು ಸಾಕಷ್ಟು ಹೇಳಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಸರಕಾರ ಅದನ್ನು ಪ್ರಕಟಿಸಲಿಲ್ಲ. 1980ರ ದಶಕದ ಕೊನೆಯಲ್ಲಿ ಅದರ ಭಾಗಗಳು ಪುಸ್ತಕವೊಂದರಲ್ಲಿ ಬಂದರೂ, ಸಾಮಾನ್ಯ ಓದುಗರು ಅದರ ಬಗ್ಗೆ ವ್ಯಾಪಕವಾಗಿ ಕೇಳಿದ್ದು 2013ರಲ್ಲಿ. ಅಷ್ಟರಲ್ಲಿ ಆ ದಿನಗಳನ್ನು ಕಣ್ಣಾರೆ ಕಂಡವರಲ್ಲಿ ಹೆಚ್ಚಿನವರು ಮಣ್ಣಾಗಿದ್ದರು.

ಬೆಲೆ ತೆತ್ತವರು ಯಾರು?

ಈ ಪ್ರಶ್ನೆಯನ್ನು ನಾವು ನೇರವಾಗಿ ಕೇಳಿಕೊಳ್ಳಬೇಕು. ಸ್ವತಂತ್ರ ಹೈದರಾಬಾದಿನ ಹಟ ಹಿಡಿದ ನಿಜಾಮರು 1950ರ ಜನವರಿ 26ರಿಂದ ಅದೇ ರಾಜ್ಯದ ರಾಜಪ್ರಮುಖರಾದರು. ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ಖಾಸಿಂ ರಜ್ವಿ ಒಂಬತ್ತು ವರ್ಷ ಜೈಲಿನಲ್ಲಿದ್ದು 1957ರಲ್ಲಿ ಬಿಡುಗಡೆಯಾಗಿ ಅವರೂ ಅಲ್ಲಿಗೇ ಹೋದರು. ಪೈಗಾ ಅಮೀರರಿಗೆ, ಜಾಗೀರದಾರರಿಗೆ 1949ರಲ್ಲಿ ಜಾಗೀರು ರದ್ದಾದರೂ ಪರಿಹಾರ ದೊರೆಯಿತು. ಆಳಂದದ ಪಿಂಜಾರನಿಗೆ, ಜೇವರ್ಗಿಯ ಹಳ್ಳಿಯ ವಿಧವೆಗೆ, ಅಫಜಲಪುರದ ಗಡಿಯಲ್ಲಿ ಮನೆ ಸುಟ್ಟುಕೊಂಡ ಹಿಂದೂ ಒಕ್ಕಲಿಗನಿಗೆ ಯಾವ ಪರಿಹಾರ ಬಂತು? ದಂಗೆ ಹೂಡಿದವರು ಒಬ್ಬರು, ಬೆಲೆ ತೆತ್ತವರು ಬೇರೆಯವರು. ಪ್ರತ್ಯೇಕತೆಯ ಚಳವಳಿಗಳಲ್ಲಿ ಜಗತ್ತಿನ ಹಲವೆಡೆ ನಡೆದದ್ದು ಇದೇ. ಆಳುವವರ ಭಯ ಜನರ ಘೋಷಣೆಯಾಗುತ್ತದೆ; ಹಣೆಬರಹ ಮಾತ್ರ ಜನರದೇ ಆಗಿ ಉಳಿಯುತ್ತದೆ.

ಕಾರ್ಯಾಚರಣೆಯ ನಂತರ ನಿಜಾಮರ ಸೈನ್ಯ ವಿಸರ್ಜನೆಯಾಯಿತು. ಸಣ್ಣ ಸರಕಾರಿ ನೌಕರಿಗಳಲ್ಲಿದ್ದ ಎಷ್ಟೋ ಮುಸ್ಲಿಮರು ಕೆಲಸ ಕಳೆದುಕೊಂಡರು. ಉರ್ದುವಿನ ಸ್ಥಾನ ಹೋದ ಮೇಲೆ ಉರ್ದು ಒಂದನ್ನೇ ಕಲಿತವರು ಅನಕ್ಷರಸ್ಥರ ಸಮಾನರಾದರು. 1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಿಜಾಮರ ಕಾಲದ ಹಿಂದುಳಿದಿರುವಿಕೆಯೂ ಜೊತೆಗೇ ಬಂತು. ಅದನ್ನು ಒಪ್ಪಿಕೊಂಡು ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಪಡೆಯಲು 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು.

ಹೆಸರು ಬದಲಾದರೂ ಹಳೆಯ ಗಾಯ ಮತ್ತೆ ಕೆರೆದುಕೊಳ್ಳುವುದಿದೆ. 2022ರಲ್ಲಿ ಲಾಡ್ಲೆ ಮಶಾಯಕ್ ದರ್ಗಾದ ಆವರಣದ ಪೂಜೆಯ ವಿಚಾರದಲ್ಲಿ ಆಳಂದ ಉದ್ವಿಗ್ನಗೊಂಡಿತು. ಇಂಥ ಸಂದರ್ಭಗಳಲ್ಲಿ 1948ರ ಎಷ್ಟೋ ವರ್ಷಗಳ ನಂತರ ಹುಟ್ಟಿದ ಹುಡುಗನನ್ನು 'ರಜಾಕಾರ' ಎಂದು ಜರೆಯುವುದು ಸುಲಭ. ಶೋಯೆಬುಲ್ಲಾ ಖಾನರನ್ನು ಕೊಂದವರು ರಜಾಕಾರರ ಕಡೆಯವರೇ ಎಂಬುದನ್ನು ನೆನಪಿಸಿಕೊಂಡರೆ ಆ ಬೈಗುಳ ಒಂದು ಸಮುದಾಯಕ್ಕೆ ಸಲ್ಲದು ಎಂದು ತಿಳಿಯುತ್ತದೆ.

ನಮ್ಮ ಕಡೆಯೂ ಒಂದು ಕರ್ತವ್ಯವಿದೆ. ಗೋರ್ಟಾ, ಗಾಣಗಾಪುರಗಳ ಹೆಸರು ಬಂದಾಗ ನಾವು ಮಾತು ಮರೆಸಬಾರದು. ಅಲ್ಲಿ ಸತ್ತವರು ನಮ್ಮ ಊರಿನವರೇ. ಅದೇ ರೀತಿ ಸೆಪ್ಟೆಂಬರ್ 17ರ ನಂತರ ಸತ್ತವರೂ ಈ ನೆಲದವರೇ ಎಂಬುದನ್ನು ನಮ್ಮ ಹಿಂದೂ ಬಂಧುಗಳು ಒಪ್ಪಿಕೊಳ್ಳಬೇಕು. ಧ್ವಜ ಹಾರಲಿ, ಈ ನಾಡು ಭಾರತಕ್ಕೆ ಸೇರಿದ್ದು ಎಲ್ಲರ ಒಳ್ಳೆಯದಕ್ಕೇ. ಆದರೆ ಆ ದಿನ ಮೌನ ಆಚರಿಸುವ ಎರಡು ನಿಮಿಷಗಳಲ್ಲಿ ಎರಡೂ ಓಣಿಗಳ ಸತ್ತವರಿಗೆ ಜಾಗವಿರಲಿ. ಭೀಮೆಯ ದಂಡೆಯ ಊರುಗಳಲ್ಲಿ ಕಣ್ಣೀರೊರೆಸಿದ, ಬಾಗಿಲು ತೆರೆದು ಆಶ್ರಯ ಕೊಟ್ಟ ಹೆಸರಿಲ್ಲದ ಜನ ಎರಡೂ ಕಡೆ ಇದ್ದರು. ಮಕ್ಕಳಿಗೆ ಹೇಳುವುದಾದರೆ ಅವರ ಕಥೆಯನ್ನೂ ಹೇಳೋಣ.